ಚಳಿ ಅವರದು, ಬೆಲೆ ನಮ್ಮದು

ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿಯಲ್ಲಿ ಚಳಿಗಾಲವೆಂದರೆ ಹೇಳಿಕೊಳ್ಳುವಂಥ ಚಳಿಯೇನೂ ಅಲ್ಲ. ಪುಷ್ಯ ಮಾಸದ ಬೆಳಗಿನ ಜಾವ ತುಂಗಭದ್ರೆಯ ಮೇಲಿಂದ ಬೀಸುವ ಗಾಳಿಗೆ ಒಂದು ಶಾಲು ಹೊದ್ದರೆ ಸಾಕು. ಒಂಬತ್ತು ಗಂಟೆಗೆಲ್ಲ ಅದನ್ನೂ ಮಡಚಿಡಬೇಕು. ಮನೆಯನ್ನು ಬೆಚ್ಚಗಿಡಲು ಇಂಧನ ಸುಡಬೇಕಾದ ಪ್ರಮೇಯ ಈ ಸೀಮೆಯ ಯಾವ ಕುಟುಂಬಕ್ಕೂ ಒದಗಿದ್ದಿಲ್ಲ. ಹೀಗಿದ್ದೂ 2022ರಲ್ಲಿ ಯುರೋಪು ಮುಂಬರುವ ಚಳಿಗೆ ಹೆದರಿ ಜಗತ್ತಿನ ಅನಿಲವನ್ನೆಲ್ಲ ಹರಾಜಿನಲ್ಲಿ ಕೂಗಿ ಕೊಳ್ಳಲು ಹೊರಟಾಗ, ಅದರ ಬಿಸಿ ಇಲ್ಲಿಯವರೆಗೂ ತಟ್ಟಿತು. ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆಗೆ ಅಮಾವಾಸ್ಯೆಯಂದು ಬರುವ ಭಕ್ತರಿಗೆ ಚಹಾ, ಮಂಡಕ್ಕಿ, ಮಿರ್ಚಿ ಮಾರುವ ಗೂಡಂಗಡಿಗಳ ಹಿಂಬದಿಯಲ್ಲಿ ಆ ವರ್ಷ ಹಳೆಯ ಕಟ್ಟಿಗೆ ಒಲೆಗಳು ಮತ್ತೆ ಕಾಣಿಸಿಕೊಂಡದ್ದನ್ನು ನಾನು ನೋಡಿದ್ದೇನೆ. ಮುಂದೆ ಸ್ಟೀಲಿನ ಬರ್ನರ್, ಹಿಂದೆ ಮೂರು ಕಲ್ಲು. ಸಿಲಿಂಡರ್ ಇತ್ತು; ಅದನ್ನು ಇಡೀ ದಿನ ಉರಿಸುವ ಧೈರ್ಯ ಇರಲಿಲ್ಲ.

ಈ ಎರಡು ಸಂಗತಿಗಳ ನಡುವಿನ ಕೊಂಡಿ ಯಾವುದು ಎಂಬುದು ನನ್ನನ್ನು ಬಹುಕಾಲ ಕಾಡಿದ ಪ್ರಶ್ನೆ. ಜರ್ಮನಿಯ ಚಳಿಗೆ ದಾವಣಗೆರೆ ಜಿಲ್ಲೆಯ ಒಲೆ ಏಕೆ ಬೆಲೆ ತೆರಬೇಕು? ಜಾಗತೀಕರಣ ಎಂಬ ಒಂದೇ ಪದದಲ್ಲಿ ಉತ್ತರಿಸಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಆ ಕೊಂಡಿ ತಾನಾಗಿ ಬೆಸೆದುಕೊಂಡದ್ದಲ್ಲ. ಅದರ ಒಂದೊಂದು ಗೆಣ್ಣನ್ನೂ ನಮ್ಮವರೇ ಇಸವಿ, ತಾರೀಖು, ಸಹಿಯೊಂದಿಗೆ ಬೆಸೆದಿದ್ದಾರೆ.

ಮೊದಲು ಒಂದು ಸ್ಪಷ್ಟನೆ ಅಗತ್ಯ. ಗ್ಯಾಸ್ ಎಂಬ ಒಂದೇ ಹೆಸರಿನಲ್ಲಿ ನಾವು ಎರಡು ಬೇರೆ ಬೇರೆ ವಸ್ತುಗಳನ್ನು ಕರೆಯುತ್ತೇವೆ. ಸಿಲಿಂಡರಿನಲ್ಲಿರುವ ಎಲ್‌ಪಿಜಿ ಪ್ರೊಪೇನ್ ಮತ್ತು ಬ್ಯೂಟೇನುಗಳ ಮಿಶ್ರಣ. ಒತ್ತಡದಲ್ಲಿ ದ್ರವವಾಗಿ ಲಾರಿಯಲ್ಲಿ ಊರೂರು ಸುತ್ತಬಲ್ಲದು. ಕೊಳವೆಯಲ್ಲಿ ಹರಿಯುವ ನೈಸರ್ಗಿಕ ಅನಿಲವಾದರೋ ಬಹುಪಾಲು ಮೀಥೇನ್. ಅದನ್ನು ದ್ರವವಾಗಿಸಬೇಕಾದರೆ ಸೊನ್ನೆಗಿಂತ 160 ಡಿಗ್ರಿಗೂ ಕೆಳಗೆ ತಣಿಸಬೇಕು. ಹಾಗೆ ತಣಿಸಿ ಹಡಗಿಗೆ ತುಂಬಿದ್ದನ್ನೇ ಎಲ್‌ಎನ್‌ಜಿ ಎನ್ನುವುದು. ಎರಡೂ ಬೇರೆಯಾದರೂ ಅವುಗಳ ಬೆಲೆಗಳು ಅಣ್ಣತಮ್ಮಂದಿರಂತೆ. ಒಂದು ಏರಿದರೆ ಇನ್ನೊಂದು ಬಹಳ ದಿನ ಹಿಂದೆ ಉಳಿಯುವುದಿಲ್ಲ. ಗುಜರಾತಿನ ಮೋರ್ಬಿಯ ಹಂಚಿನ ಕಾರ್ಖಾನೆಗಳು ನೈಸರ್ಗಿಕ ಅನಿಲ ದುಬಾರಿಯಾದಾಗ ಪ್ರೊಪೇನಿಗೆ ಹೊರಳಿಕೊಂಡವು. ಅವು ಹೊರಳಬಲ್ಲವು ಎಂಬ ಕಾರಣಕ್ಕೇ ಎರಡು ಮಾರುಕಟ್ಟೆಗಳೂ ಒಂದನ್ನೊಂದು ಎಳೆಯುತ್ತವೆ.

ನೈಸರ್ಗಿಕ ಅನಿಲದ ಕೊಳವೆ ನಮ್ಮ ಜಿಲ್ಲೆಗೆ ಬಂದು ದಶಕವೇ ಕಳೆದಿದೆ. ಮಹಾರಾಷ್ಟ್ರದ ದಾಭೋಳದಿಂದ ಬೆಂಗಳೂರಿನವರೆಗೆ ಸುಮಾರು ಸಾವಿರ ಕಿಲೋಮೀಟರ್ ಉದ್ದದ ಗೇಲ್ ಸಂಸ್ಥೆಯ ಮಾರ್ಗ 2013ರಲ್ಲಿ ಕಾರ್ಯಾರಂಭ ಮಾಡಿತು. ಬೆಳಗಾವಿ, ಧಾರವಾಡ ಜಿಲ್ಲೆಗಳನ್ನು ಹಾಯ್ದು ದಾವಣಗೆರೆ, ಚಿತ್ರದುರ್ಗ, ತುಮಕೂರುಗಳ ಹೊಲಗಳ ಅಡಿಯಲ್ಲಿ ಅದು ಸಾಗುತ್ತದೆ. ದಾಭೋಳ ಎಂದೊಡನೆ ಓದುಗರಿಗೆ ಎನ್ರಾನ್ ನೆನಪಾಗದೆ ಇರದು. ತೊಂಬತ್ತರ ದಶಕದಲ್ಲಿ ಅಮೆರಿಕದ ಆ ಕಂಪನಿ ವಿದ್ಯುತ್ ಸ್ಥಾವರ ಕಟ್ಟಿ, ಮಹಾರಾಷ್ಟ್ರಕ್ಕೆ ಎಟುಕದ ದರದಲ್ಲಿ ವಿದ್ಯುತ್ ಮಾರಿ, 2001ರಲ್ಲಿ ಸ್ಥಾವರವೂ ನಿಂತು ಕಂಪನಿಯೂ ದಿವಾಳಿಯೆದ್ದ ಕಥೆ ಹಳೆಯದು. ಆ ಅವಶೇಷದಿಂದ ಎದ್ದು ಬಂದದ್ದೇ ಇಂದಿನ ಎಲ್‌ಎನ್‌ಜಿ ಟರ್ಮಿನಲ್. ಅದಕ್ಕೂ 2013ರಲ್ಲಿ ಚಾಲನೆ ದೊರೆಯಿತಾದರೂ ಅಲೆತಡೆಗೋಡೆ ಪೂರ್ಣಗೊಳ್ಳದ ಕಾರಣ ವರ್ಷಗಳ ಕಾಲ ಮಳೆಗಾಲದಲ್ಲಿ ಅಲ್ಲಿಗೆ ಹಡಗುಗಳೇ ಬರುತ್ತಿರಲಿಲ್ಲ. ಇದೇ ಜರ್ಮನಿ, ರಷ್ಯಾದ ಅನಿಲ ಕೈತಪ್ಪಿದೊಡನೆ, ವಿಲ್ಹೆಲ್ಮ್ಸ್‌ಹಾಫೆನ್ ಎಂಬಲ್ಲಿ ತೇಲುವ ಟರ್ಮಿನಲ್ಲನ್ನು ವರ್ಷ ತುಂಬುವ ಮೊದಲೇ ಕಟ್ಟಿ 2022ರ ಡಿಸೆಂಬರಿನಲ್ಲಿ ಉದ್ಘಾಟಿಸಿಬಿಟ್ಟಿತು. ಹಣ ಮತ್ತು ತುರ್ತು ಎರಡೂ ಒಟ್ಟಿಗೆ ಕೂಡಿಬಂದಾಗ ಆಗುವ ಕೆಲಸವೇ ಬೇರೆ.

ಕೊಳವೆ ಹಾದುಹೋದ ಹೊಲಗಳ ಒಡೆಯರ ಸ್ಥಿತಿಯನ್ನು ಇಲ್ಲಿ ಹೇಳದೆ ಮುಂದೆ ಹೋಗಲಾರೆ. 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗ ಕಾಯ್ದೆಯ ಪ್ರಕಾರ ಸರ್ಕಾರ ಭೂಮಿಯನ್ನು ವಶಪಡಿಸಿಕೊಳ್ಳುವುದಿಲ್ಲ. ಬಳಕೆಯ ಹಕ್ಕನ್ನಷ್ಟೇ ಪಡೆಯುತ್ತದೆ. ಪಹಣಿಯಲ್ಲಿ ರೈತನ ಹೆಸರೇ ಇರುತ್ತದೆ. ಆದರೆ ಆ ಪಟ್ಟಿಯ ಮೇಲೆ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ. ಮೆಕ್ಕೆಜೋಳ ಬಿತ್ತಬಹುದು, ಅಡಿಕೆ ಹಾಕುವಂತಿಲ್ಲ. ಇದಕ್ಕೆ ಕಾಯ್ದೆ ನಿಗದಿಪಡಿಸಿದ ಪರಿಹಾರ ಭೂಮಿಯ ಮಾರುಕಟ್ಟೆ ಬೆಲೆಯ ಶೇ 10. ಬೆಳೆ ನಷ್ಟಕ್ಕೆ ಪ್ರತ್ಯೇಕ ಮೊತ್ತ ಉಂಟು. ಅಡಿಕೆಯನ್ನೇ ನೆಚ್ಚಿ ಬದುಕು ಕಟ್ಟಿಕೊಳ್ಳುತ್ತಿರುವ ಜಿಲ್ಲೆಯಲ್ಲಿ ಇದು ಸಣ್ಣ ತ್ಯಾಗವಲ್ಲ. ನೆಲದ ಮೇಲಿನವನಿಗೆ ನೆಲದಡಿಯ ಅನಿಲ ಮಾತ್ರ ಸಿಗುವುದಿಲ್ಲ. ಹೈಟೆನ್ಷನ್ ತಂತಿಯ ಕೆಳಗೆ ಕತ್ತಲಲ್ಲಿ ಕುಳಿತ ಹಟ್ಟಿಗಳನ್ನು ಕಂಡ ನಮಗೆ ಇದು ಹೊಸ ನೋಟವೇನಲ್ಲ.

ನಗರಗಳಿಗೆ ಕೊಳವೆ ಅನಿಲ ಹಂಚುವ ಒಂಬತ್ತನೆಯ ಸುತ್ತಿನ ಹರಾಜಿನಲ್ಲಿ, 2018ರಲ್ಲಿ, ಚಿತ್ರದುರ್ಗ ಮತ್ತು ದಾವಣಗೆರೆ ಜಿಲ್ಲೆಗಳೆರಡೂ ಸೇರಿ ಒಂದು ವಲಯವಾಗಿ ಯೂನಿಸನ್ ಎನ್ವಿರೋ ಎಂಬ ಕಂಪನಿಯ ಪಾಲಾದವು. 2024ರ ಫೆಬ್ರುವರಿಯಲ್ಲಿ ಮುಂಬೈಯ ಮಹಾನಗರ ಗ್ಯಾಸ್ ಆ ಕಂಪನಿಯನ್ನೇ ಕೊಂಡುಕೊಂಡಿತು. ದಾವಣಗೆರೆಯ ಬಡಾವಣೆಗಳಲ್ಲಿ ರಸ್ತೆ ಅಗೆದು ಹಳದಿ ಕೊಳವೆ ಹೂಳುವುದನ್ನು ನಾವೆಲ್ಲ ಕಂಡಿದ್ದೇವೆ, ಅಗೆದ ಗುಂಡಿಗಳಿಗೆ ಬಿದ್ದೂ ಇದ್ದೇವೆ. ಸಿಲಿಂಡರಿನ ಗೊಡವೆಯಿಲ್ಲ, ಬುಕಿಂಗಿನ ತಾಪತ್ರಯವಿಲ್ಲ, ಮೀಟರಿನಂತೆ ಬಿಲ್ಲು ಎಂಬ ಭರವಸೆ ಆಕರ್ಷಕವೇ. ಆದರೆ ಅದರ ಬೆಲೆಯನ್ನು ಯಾರು, ಹೇಗೆ ನಿರ್ಧರಿಸುತ್ತಾರೆ ಎಂದು ಕೇಳಿದವರು ಕಡಿಮೆ.

ಆ ಬೆಲೆಯ ಚರಿತ್ರೆ ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಮರ್ಮ. ಮುಂಬೈ ಹೈನಂಥ ನಮ್ಮದೇ ಹಳೆಯ ಬಾವಿಗಳಿಂದ, ನಮ್ಮದೇ ಸಾರ್ವಜನಿಕ ಸಂಸ್ಥೆಗಳು ತೆಗೆಯುವ ಅನಿಲಕ್ಕೆ 2014ರ ನವೆಂಬರಿನಿಂದ ಒಂದು ವಿಚಿತ್ರ ಸೂತ್ರ ಜಾರಿಗೆ ಬಂತು. ಅಮೆರಿಕದ ಹೆನ್ರಿ ಹಬ್, ಬ್ರಿಟನ್ನಿನ ಎನ್‌ಬಿಪಿ, ಕೆನಡಾದ ಆಲ್ಬರ್ಟಾ ಮತ್ತು ರಷ್ಯಾ ಎಂಬ ನಾಲ್ಕು ಪರದೇಶಿ ಮಾರುಕಟ್ಟೆಗಳ ದರಗಳ ತೂಕದ ಸರಾಸರಿಯೇ ನಮ್ಮ ಬಾವಿಯ ಅನಿಲದ ದರ. ಅದೂ ಆರು ತಿಂಗಳಿಗೊಮ್ಮೆ ಪರಿಷ್ಕರಣೆ. ಜಗತ್ತಿನಲ್ಲಿ ಅನಿಲ ಅಗ್ಗವಾಗಿದ್ದಾಗ ಸೂತ್ರ ಸೊಗಸಾಗಿಯೇ ಕಂಡಿತು. ಕೋವಿಡ್ ಕಾಲದ 2020ರ ಅಕ್ಟೋಬರಿನಲ್ಲಿ ದರ ಹತ್ತು ಲಕ್ಷ ಬಿಟಿಯುಗೆ, ಅಂದರೆ ಅನಿಲ ವ್ಯಾಪಾರದ ಒಂದು ಮೂಲಮಾನಕ್ಕೆ, 1.79 ಡಾಲರಿಗೆ ಇಳಿಯಿತು. ಬಾವಿ ತೋಡುವವರಿಗೆ ಖರ್ಚೂ ಹುಟ್ಟುವುದಿಲ್ಲವೆಂಬ ಗೋಳು ಕೇಳಿಬಂತು. 2021ರ ಅಕ್ಟೋಬರಿನಲ್ಲಿ 2.90 ಆಯಿತು. 2022ರ ಏಪ್ರಿಲಿನಲ್ಲಿ 6.10. ಅದೇ ಅಕ್ಟೋಬರಿನಲ್ಲಿ 8.57. ಎರಡು ವರ್ಷಗಳಲ್ಲಿ ಹೆಚ್ಚುಕಡಿಮೆ ಐದು ಪಟ್ಟು! ಅರಬ್ಬಿ ಸಮುದ್ರದ ಬಾವಿಗಳಲ್ಲಿ ಈ ಅವಧಿಯಲ್ಲಿ ಏನೂ ಬದಲಾಗಿರಲಿಲ್ಲ. ಬದಲಾದದ್ದು ಲಂಡನ್ನಿನ ಹವಾಮಾನ ಮತ್ತು ಮಾಸ್ಕೋದ ರಾಜಕಾರಣ. ಬ್ರಿಟನ್ನಿನ ಚಳಿಯನ್ನು ನಾವು ಸಹಿ ಹಾಕಿ ಬರಮಾಡಿಕೊಂಡಿದ್ದೆವು ಎಂದರೆ ಅತಿಶಯೋಕ್ತಿಯಾಗದು.

ಕಿರೀಟ್ ಪಾರೀಖ್ ಸಮಿತಿಯ ಶಿಫಾರಸಿನ ಮೇರೆಗೆ 2023ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರ ಈ ಸೂತ್ರವನ್ನು ಕೈಬಿಟ್ಟಿತು. ಭಾರತ ಕೊಳ್ಳುವ ಕಚ್ಚಾತೈಲದ ಬೆಲೆಯ ಶೇ 10ಕ್ಕೆ ದರವನ್ನು ಗಂಟುಹಾಕಿ, ಕನಿಷ್ಠ 4 ಡಾಲರ್, ಗರಿಷ್ಠ 6.50 ಡಾಲರ್ ಎಂದು ಗೆರೆ ಎಳೆಯಿತು. 2025ರಿಂದ ಆ ಗರಿಷ್ಠ ಮಿತಿಯನ್ನು ವರ್ಷಕ್ಕೆ ಕಾಲು ಡಾಲರಿನಂತೆ ಏರಿಸುವ ವ್ಯವಸ್ಥೆಯೂ ಅದರಲ್ಲಿದೆ. ಈ ತಿದ್ದುಪಡಿಯನ್ನು ಸ್ವಾಗತಿಸಲೇಬೇಕು. ಆದರೆ ಕೋಟೆಯ ಬಾಗಿಲು ಹಾಕಿದ್ದು ದಾಳಿ ಮುಗಿದ ಮೇಲೆ. ಅಲ್ಲದೆ ಬಾಗಿಲ ಒಳಗಿರುವ ಅನಿಲ ಕಡಿಮೆಯಾಗುತ್ತಲೇ ಬಂದಿದೆ. 2024ರ ಅಕ್ಟೋಬರ್ ಮತ್ತು ನವೆಂಬರಿನಲ್ಲಿ ನಗರ ಅನಿಲ ಕಂಪನಿಗಳಿಗೆ, ಮುಖ್ಯವಾಗಿ ವಾಹನಗಳ ಸಿಎನ್‌ಜಿಗೆಂದು, ಈ ಅಗ್ಗದ ಅನಿಲದ ಹಂಚಿಕೆ ಒಂದರ ಹಿಂದೊಂದರಂತೆ ಎರಡು ಬಾರಿ ಕಡಿತಗೊಂಡಿತು. ಕೊರತೆಯನ್ನು ತುಂಬಬೇಕಾದದ್ದು ಹಡಗಿನಲ್ಲಿ ಬರುವ ಅನಿಲದಿಂದ, ಅಂದರೆ ಅದೇ ಜಾಗತಿಕ ಬೆಲೆಯಿಂದ.

ಹಡಗಿನ ಅನಿಲದ ಕಥೆ ಇನ್ನೂ ಬೋಧಪ್ರದವಾಗಿದೆ. ಗೇಲ್ ಸಂಸ್ಥೆ 2012ರಲ್ಲಿ ರಷ್ಯಾದ ಗಾಜ್‌ಪ್ರೋಮಿನ ಸಿಂಗಪುರದ ಅಂಗಸಂಸ್ಥೆಯೊಡನೆ ವರ್ಷಕ್ಕೆ 25 ಲಕ್ಷ ಟನ್‌ನಂತೆ ಇಪ್ಪತ್ತು ವರ್ಷಗಳ ಒಪ್ಪಂದ ಮಾಡಿಕೊಂಡಿತ್ತು. ದೂರದೃಷ್ಟಿಯ ಒಪ್ಪಂದ. ಸಂತೆಯಲ್ಲಿ ಆ ದಿನದ ಬೆಲೆಗೆ ಕೊಳ್ಳುವ ಬದಲು ವರ್ಷದ ಕಾಳನ್ನು ಸುಗ್ಗಿಯಲ್ಲೇ ಮಾತಾಡಿಕೊಳ್ಳುವ ಗೃಹಸ್ಥನ ಜಾಣತನ ಅದರಲ್ಲಿತ್ತು. ಆ ಅಂಗಸಂಸ್ಥೆ ಗಾಜ್‌ಪ್ರೋಮಿನ ಜರ್ಮನಿಯ ಘಟಕದ ಅಡಿಯಲ್ಲಿತ್ತು. ಉಕ್ರೇನ್ ಯುದ್ಧ ಆರಂಭವಾಗಿ, 2022ರ ಏಪ್ರಿಲಿನಲ್ಲಿ ಜರ್ಮನ್ ಸರ್ಕಾರ ಆ ಘಟಕವನ್ನು ತನ್ನ ಹತೋಟಿಗೆ ತೆಗೆದುಕೊಂಡಿತು. ಮೇ ತಿಂಗಳಿನಲ್ಲಿ ರಷ್ಯಾ ಅದರ ಮೇಲೆ ನಿರ್ಬಂಧ ಹೇರಿ ಸರಬರಾಜು ನಿಲ್ಲಿಸಿತು. ಪರಿಣಾಮವಾಗಿ ಭಾರತಕ್ಕೆ ಬರಬೇಕಾದ ಹಡಗುಗಳು ಒಂದೊಂದಾಗಿ ತಪ್ಪಿದವು. ಅದೇ ಆಗಸ್ಟಿನ ಹೊತ್ತಿಗೆ ಗೇಲ್ ರಸಗೊಬ್ಬರ ಕಾರ್ಖಾನೆಗಳಿಗೂ ಕೈಗಾರಿಕೆಗಳಿಗೂ ಪೂರೈಕೆ ತಗ್ಗಿಸಿತು. ಉತ್ತರ ಪ್ರದೇಶದ ಪಾತಾದಲ್ಲಿರುವ ತನ್ನದೇ ಪೆಟ್ರೋಕೆಮಿಕಲ್ ಘಟಕವನ್ನು ಅರೆಹೊಟ್ಟೆಯಲ್ಲಿ ನಡೆಸಿತು. ಸಂಸ್ಥೆ ಲಂಡನ್ನಿನಲ್ಲಿ ಮಧ್ಯಸ್ಥಿಕೆಯ ಮೊಕದ್ದಮೆ ಹೂಡಿ, ಕೊನೆಗೆ 2025ರ ಜನವರಿಯಲ್ಲಿ 28.5 ಕೋಟಿ ಡಾಲರಿಗೆ ರಾಜಿಯಾಯಿತು. ಅಂದು ಕೇಳಿದ್ದು 180 ಕೋಟಿ ಡಾಲರಿನವರೆಗೆ. ಹಣವೇನೋ ಬಂತು, ಅನಿಲವಿಲ್ಲದ ಆ ತಿಂಗಳುಗಳು ಮರಳಿ ಬರಲಿಲ್ಲ.

ಆ ಆಗಸ್ಟಿನ ಕೊನೆಯ ವಾರ ಯುರೋಪಿನ ಅನಿಲದ ದರ ಮೆಗಾವಾಟ್-ಗಂಟೆಗೆ 300 ಯೂರೋ ದಾಟಿತ್ತು. ಎರಡು ವರ್ಷ ಹಿಂದಿನ ಬೇಸಿಗೆಯಲ್ಲಿ ಅದು 10 ಯೂರೋ ಸಹ ಇರಲಿಲ್ಲ. ಒಪ್ಪಂದದ ದರಕ್ಕೂ ಪೇಟೆಯ ದರಕ್ಕೂ ಇಷ್ಟು ಅಂತರ ಬಿದ್ದಾಗ ಮಾರುವವನಿಗೆ ದಂಡ ಕಟ್ಟುವುದೇ ಅಗ್ಗ. ಪಾಕಿಸ್ತಾನ ಜುಲೈ ತಿಂಗಳಿನಲ್ಲಿ ಹತ್ತು ಹಡಗುಗಳಿಗೆ ಟೆಂಡರ್ ಕರೆದರೆ ಒಬ್ಬನೂ ಮುಂದೆ ಬರಲಿಲ್ಲ. ಬಾಂಗ್ಲಾದೇಶ ಪೇಟೆಯ ಖರೀದಿಯನ್ನೇ ನಿಲ್ಲಿಸಿ ಜನರನ್ನು ಕತ್ತಲಲ್ಲಿಟ್ಟಿತು. ಯುರೋಪಿಯನ್ನರು ಚಳಿಯಲ್ಲಿ ನಡುಗಬೇಕಿತ್ತು ಎಂದು ನಾನು ಹೇಳುತ್ತಿಲ್ಲ. ಅವರಿಗೂ ಅದು ಸುಖದ ಕಾಲವಾಗಿರಲಿಲ್ಲ. ಜರ್ಮನಿಯ ಅತಿದೊಡ್ಡ ಭೂಗರ್ಭ ಸಂಗ್ರಹಾಗಾರವಾದ ರೇಡೆನ್ ಗಾಜ್‌ಪ್ರೋಮಿನ ಹಿಡಿತದಲ್ಲಿದ್ದು 2021ರ ಚಳಿಗಾಲಕ್ಕೆ ಬಹುಪಾಲು ಬರಿದಾಗಿಯೇ ಇತ್ತು. ಪಾಠ ಕಲಿತ ಯುರೋಪು ನವೆಂಬರ್ 1ರೊಳಗೆ ಸಂಗ್ರಹಾಗಾರಗಳು ಶೇ 80 ತುಂಬಿರಬೇಕೆಂದು 2022ರ ಜೂನಿನಲ್ಲಿ ಕಾನೂನನ್ನೇ ಮಾಡಿ, ಅದಕ್ಕಿಂತ ಹೆಚ್ಚು ತುಂಬಿಸಿಕೊಂಡಿತು. ವಿಧಿಯ ವ್ಯಂಗ್ಯವೆಂದರೆ, ಆ ಚಳಿಗಾಲ ಅಷ್ಟೇನೂ ಕಠೋರವಾಗಿರಲಿಲ್ಲ.

ನಮ್ಮ ತಾಲ್ಲೂಕಿನ ಜನಕ್ಕೆ ಈ ವ್ಯವಹಾರವನ್ನು ವಿವರಿಸಲು ಅರ್ಥಶಾಸ್ತ್ರದ ಪುಸ್ತಕ ಬೇಕಿಲ್ಲ. ಭದ್ರಾ ನಾಲೆಯ ಕೊನೆಯಂಚು ಸಾಕು. ಜಲಾಶಯದಲ್ಲಿ ನೀರಿದೆ, ನಾಲೆಗೆ ಬಿಟ್ಟಿದ್ದಾರೆ, ಪತ್ರಿಕೆಯಲ್ಲಿ ಕ್ಯೂಸೆಕ್ ಲೆಕ್ಕವೂ ಬಂದಿದೆ. ಆದರೆ ಮೇಲಿನವರು ಪಂಪ್‌ಸೆಟ್ ಇಟ್ಟು ಎತ್ತಿಕೊಂಡ ಮೇಲೆ ಹರಿಹರದ ಕೊನೆಯಂಚಿನ ಗದ್ದೆಗೆ ತಲುಪುವುದು ತೇವ ಮಾತ್ರ. ಪ್ರತಿ ಬೇಸಿಗೆ ಬೆಳೆಯಲ್ಲೂ ಇಲ್ಲಿನ ರೈತರು ರಸ್ತೆಗಿಳಿಯುವುದು ನೀರು ಇಲ್ಲವೆಂದಲ್ಲ, ತಮ್ಮವರೆಗೆ ಬರಲಿಲ್ಲವೆಂದು. ಅನಿಲದ ನಾಲೆಯಲ್ಲೂ ಭಾರತ ಕೊನೆಯಂಚಿನ ರೈತ. ಭಾರತದೊಳಗೆ ಉಕ್ಕಡಗಾತ್ರಿ ಕೊನೆಯಂಚಿನ ಕೊನೆಯಂಚು. ಒಂದು ವ್ಯತ್ಯಾಸವಿದೆ. ನಾಲೆಯಲ್ಲಿ ನೀರಾವರಿ ಸಲಹಾ ಸಮಿತಿ ಎಂಬುದೊಂದಿದೆ, ಸರದಿ ಎಂಬುದೊಂದಿದೆ, ಜಗಳಾಡಲು ಒಬ್ಬ ಎಂಜಿನಿಯರ್ ಇದ್ದಾನೆ. ಅನಿಲದ ನಾಲೆಯಲ್ಲಿ ಯಾರ ಬಳಿ ಜಗಳಾಡುವುದು?

ಉಕ್ಕಡಗಾತ್ರಿಯಂಥ ಊರಿಗೆ ಕೊಳವೆ ಬರುವ ದಿನ ದೂರವಿದೆ. ಮಳೆಗಾಲದಲ್ಲಿ ತುಂಗಭದ್ರೆ ಉಕ್ಕಿದರೆ ಫತ್ತೇಪುರದ ಕಡೆಯ ರಸ್ತೆಯೇ ಮುಳುಗಿ, ಸಿಲಿಂಡರಿನ ಗಾಡಿ ಸುತ್ತಿ ಬರಬೇಕಾದ ಊರು ಅದು. ಇಲ್ಲಿ ಬಡವರ ಪಾಲಿನ ಅನಿಲವೆಂದರೆ 14.2 ಕಿಲೋದ ಸಿಲಿಂಡರ್. ಅದರ ಬೆಲೆಗೆ ಆಧಾರ ಸೌದಿ ಅರೇಬಿಯಾ ಪ್ರತಿ ತಿಂಗಳು ಘೋಷಿಸುವ ಪ್ರೊಪೇನ್, ಬ್ಯೂಟೇನ್ ದರ. ಉತ್ತರ ಗೋಳಾರ್ಧಕ್ಕೆ ಚಳಿ ಹತ್ತಿರವಾದಂತೆ ಆ ದರ ಏರುವುದು ವಾಡಿಕೆ. ಜಪಾನ್, ಕೊರಿಯಾಗಳಲ್ಲಿ ಮನೆ ಕಾಯಿಸಲು ಪ್ರೊಪೇನ್ ಬೇಕು. 2020ರ ಏಪ್ರಿಲಿನಲ್ಲಿ ಟನ್ನಿಗೆ 250 ಡಾಲರಿನ ಕೆಳಗಿದ್ದುದು ಯುದ್ಧದ ನಂತರ, 2022ರ ಏಪ್ರಿಲಿನಲ್ಲಿ, 900 ಡಾಲರ್ ದಾಟಿತ್ತು. ಹೋಟೆಲುಗಳು ಬಳಸುವ 19 ಕಿಲೋದ ಸಿಲಿಂಡರ್ ದೆಹಲಿಯಲ್ಲಿ 2020ರ ಕೊನೆಗೆ 1,300 ರೂಪಾಯಿಯ ಆಸುಪಾಸಿನಲ್ಲಿದ್ದುದು 2022ರ ಮೇ ತಿಂಗಳಿನಲ್ಲಿ 2,350 ಮೀರಿತು. ಗೂಡಂಗಡಿಗಳ ಹಿಂದೆ ಮೂರು ಕಲ್ಲು ಬಂದದ್ದು ಹೀಗೆ.

ಮನೆಬಳಕೆಯ ಸಿಲಿಂಡರಿಗೆ ಸರ್ಕಾರ ಅಷ್ಟು ಏರಿಕೆ ತಟ್ಟಲು ಬಿಡಲಿಲ್ಲ ಎಂಬುದನ್ನು ಒಪ್ಪಬೇಕು. ತೈಲ ಕಂಪನಿಗಳು ನಷ್ಟ ಹೊತ್ತವು; ಅದನ್ನು ತುಂಬಿಕೊಡಲು ಕೇಂದ್ರ 2022ರ ಅಕ್ಟೋಬರಿನಲ್ಲಿ 22,000 ಕೋಟಿ ರೂಪಾಯಿ, ಮತ್ತೆ 2025ರ ಆಗಸ್ಟಿನಲ್ಲಿ 30,000 ಕೋಟಿ ರೂಪಾಯಿ ಮಂಜೂರು ಮಾಡಿತು. ಹಾಗಿದ್ದೂ 2023ರ ಮಾರ್ಚಿನಲ್ಲಿ ದೆಹಲಿಯಲ್ಲಿ ಸಿಲಿಂಡರಿನ ಬೆಲೆ 1,103 ರೂಪಾಯಿ ಮುಟ್ಟಿತು. ಉಜ್ವಲಾ ಫಲಾನುಭವಿಗೆ 200 ರೂಪಾಯಿ ಸಹಾಯಧನ ಕಳೆದರೆ 903. ಉದ್ಯೋಗ ಖಾತರಿಯಲ್ಲಿ ಆಗ ಕರ್ನಾಟಕದ ದಿನಗೂಲಿ 309 ರೂಪಾಯಿ. ಮೂರು ದಿನದ ದುಡಿಮೆ ಒಂದು ಸಿಲಿಂಡರಿಗೆ! 2022–23ರಲ್ಲಿ ಉಜ್ವಲಾ ಕುಟುಂಬವೊಂದು ಸರಾಸರಿ ತುಂಬಿಸಿಕೊಂಡದ್ದು 3.71 ಸಿಲಿಂಡರ್. ಇಡೀ ವರ್ಷದ ಅಡುಗೆಗೆ ಅದರ ಇಮ್ಮಡಿಯಾದರೂ ಬೇಕು. ಉಳಿದರ್ಧ ಯಾವುದರಲ್ಲಿ ಬೆಂದಿತು ಎಂಬುದನ್ನು ಯಾವ ಅಂಕಿಅಂಶ ಹೇಳದಿದ್ದರೂ ಅಡುಗೆಮನೆಯ ಗೋಡೆ ಹೇಳುತ್ತದೆ. ಬಳಿಕ ಸಹಾಯಧನ 300ಕ್ಕೆ ಏರಿತು, ಬೆಲೆಯೂ ಎರಡು ಬಾರಿ ಇಳಿಯಿತು, 2025ರ ಏಪ್ರಿಲಿನಲ್ಲಿ ಮತ್ತೆ 50 ರೂಪಾಯಿ ಏರಿತು. ಬಳಕೆಯ ಸರಾಸರಿ ನಾಲ್ಕೂವರೆಯ ಹತ್ತಿರ ಬಂದಿತು. ಬೆಲೆ ಇಳಿದರೆ ಬಡವರು ಹೊಗೆಯಿಂದ ಹೊರಬರುತ್ತಾರೆ, ಏರಿದರೆ ಒಳಹೋಗುತ್ತಾರೆ. ಅರಿವಿನ ಕೊರತೆ, ಹಳ್ಳಿಗರ ಅಭ್ಯಾಸ ಎಂದೆಲ್ಲ ಉಪನ್ಯಾಸ ಮಾಡುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಕಟ್ಟಿಗೆಗೆ ಮರಳುವುದಾದರೂ ಮೊದಲಿನಷ್ಟು ಸುಲಭವೆ? ಈ ಸೀಮೆಯಲ್ಲಿ ಗೋಮಾಳ, ಗುಂಡುತೋಪುಗಳ ಕಥೆಯೇ ಬೇರೆ. 1984ರಲ್ಲಿ ರಾಜ್ಯ ಸರ್ಕಾರವು ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯ ತಿರುಳಿಗೆ ನೀಲಗಿರಿ ಬೆಳೆಯಲು ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಕಟ್ಟಿ, ಹಳ್ಳಿಗರು ದನ ಮೇಯಿಸಿ ಸೌದೆ ಆಯುತ್ತಿದ್ದ ಸಾರ್ವಜನಿಕ ಭೂಮಿಯನ್ನು ಅದಕ್ಕೆ ವಹಿಸಿಕೊಟ್ಟಿತು. ಇದರ ವಿರುದ್ಧ ಸಮಾಜ ಪರಿವರ್ತನ ಸಮುದಾಯದ ಎಸ್. ಆರ್. ಹಿರೇಮಠ ಮತ್ತು ಸಂಗಾತಿಗಳ ಮುಂದಾಳತ್ವದಲ್ಲಿ, 1987ರ ನವೆಂಬರ್ 14ರಂದು, ಅಂದಿನ ಅವಿಭಜಿತ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. ಕಿತ್ತಿಕೋ–ಹಚ್ಚಿಕೋ ಸತ್ಯಾಗ್ರಹವೆಂದು ಹೆಸರಾದ ಆ ಚಳವಳಿಯ ಒತ್ತಡದಿಂದ 1991ರಲ್ಲಿ ಕಂಪನಿ ಮುಚ್ಚಿತು. ಅಂದು ಹೋರಾಡಿದ ಹೆಂಗಸರ ಕೂಗಿನಲ್ಲಿ ಸೌದೆಯ ಪ್ರಶ್ನೆ ಮುಂಚೂಣಿಯಲ್ಲಿತ್ತು. ಇಂಧನ ಭದ್ರತೆ ಎಂಬ ದೊಡ್ಡ ಮಾತನ್ನು ದೆಹಲಿಯ ವಿಚಾರ ಸಂಕಿರಣಗಳು ಕಂಡುಹಿಡಿಯುವ ಮೊದಲೇ ಈ ನದಿಯ ದಂಡೆಯವರು ಅದಕ್ಕಾಗಿ ಬೀದಿಗಿಳಿದಿದ್ದರು.

ಅನಿಲವೆಂದರೆ ಒಲೆ ಮಾತ್ರ ಎಂದು ಭಾವಿಸುವುದೂ ತಪ್ಪಾದೀತು. ನಮ್ಮ ಯೂರಿಯಾ ತಯಾರಾಗುವುದು ನೈಸರ್ಗಿಕ ಅನಿಲದಿಂದ. ಅದರ ಉತ್ಪಾದನಾ ವೆಚ್ಚದ ಸಿಂಹಪಾಲು ಅನಿಲದ್ದೇ. ರಾಜ್ಯದ ಏಕೈಕ ಯೂರಿಯಾ ಕಾರ್ಖಾನೆಯಾದ ಮಂಗಳೂರಿನ ಎಂಸಿಎಫ್ ಕೂಡ ಕೊಚ್ಚಿ–ಮಂಗಳೂರು ಕೊಳವೆ ಬಂದ ಮೇಲೆ ನಾಫ್ತಾ ಬಿಟ್ಟು ಅನಿಲಕ್ಕೆ ಹೊರಳಿದೆ. ಅನಿಲ ತುಟ್ಟಿಯಾದ 2022–23ರಲ್ಲಿ ಕೇಂದ್ರದ ರಸಗೊಬ್ಬರ ಸಹಾಯಧನ ಎರಡೂವರೆ ಲಕ್ಷ ಕೋಟಿ ರೂಪಾಯಿಗೆ ಏರಿತು. 45 ಕಿಲೋದ ಚೀಲದ ಬೆಲೆ 266 ರೂಪಾಯಿ 50 ಪೈಸೆಯಲ್ಲೇ ನಿಂತದ್ದರಿಂದ ಭತ್ತದ ಗದ್ದೆಯವರಿಗೆ ಬೆಲೆ ಕಾಣಲಿಲ್ಲ, ಕೊರತೆ ಕಂಡಿತು. 2025ರ ಮುಂಗಾರಿನಲ್ಲಿ ಯೂರಿಯಾಕ್ಕಾಗಿ ರಾಜ್ಯದಾದ್ಯಂತ ಸಾಲು ನಿಂತದ್ದು ಇನ್ನೂ ಹಸಿಯಾಗಿದೆ. ಗೊಬ್ಬರದ ಸಾಲನ್ನು ಹಗುರವಾಗಿ ಕಾಣುವಂತಿಲ್ಲ. 2008ರ ಜೂನ್ 10ರಂದು, ನದಿಯಾಚೆಯ ಹಾವೇರಿಯಲ್ಲಿ, ಗೊಬ್ಬರ ಕೇಳಿ ಬೀದಿಗೆ ಬಂದ ರೈತರ ಮೇಲೆ ಪೊಲೀಸರು ಗುಂಡು ಹಾರಿಸಿ ಇಬ್ಬರು ಪ್ರಾಣ ಕಳೆದುಕೊಂಡದ್ದನ್ನು ಈ ಭಾಗ ಮರೆತಿಲ್ಲ.

ಹಾಗಾದರೆ ಮಾಡಬೇಕಾದುದೇನು? ಕೂಡಿಡುವುದು ಮೊದಲ ಮಾತು. ಹಗೇವಿನಲ್ಲಿ ಜೋಳ ಹುಗಿದಿಟ್ಟು ಬರಗಾಲ ಕಳೆದ ನಾಡಿಗೆ ಇದನ್ನು ಹೇಳಿಕೊಡಬೇಕಾದ ಸ್ಥಿತಿ ಬಂದಿರುವುದು ಸೋಜಿಗ. ಕಚ್ಚಾತೈಲಕ್ಕೆ ಮಂಗಳೂರು, ಪಾದೂರು, ವಿಶಾಖಪಟ್ಟಣಗಳಲ್ಲಿ ಬಂಡೆ ಕೊರೆದು 53 ಲಕ್ಷ ಟನ್ ಹಿಡಿಸುವ ಗುಹೆಗಳನ್ನು ಮಾಡಿದ್ದೇವೆ. ಎಲ್‌ಪಿಜಿಗೆ ವಿಶಾಖಪಟ್ಟಣದಲ್ಲಿ 60,000 ಟನ್ನಿನ ಗುಹೆ ಮೊದಲೇ ಇತ್ತು; 2025ರಲ್ಲಿ ಮಂಗಳೂರಿನಲ್ಲಿ 80,000 ಟನ್ನಿನ ಇನ್ನೊಂದು ಸಿದ್ಧವಾಯಿತು. ದೇಶದಲ್ಲೇ ದೊಡ್ಡದೆಂಬ ಹೆಮ್ಮೆಯ ಸುದ್ದಿಯೂ ಬಂತು. ದೇಶದ ವಾರ್ಷಿಕ ಬಳಕೆ ಮೂರು ಕೋಟಿ ಟನ್ನಿಗೂ ಹೆಚ್ಚು ಎಂಬುದನ್ನು 365ರಿಂದ ಭಾಗಿಸಿ ನೋಡಿ: ಆ ಹೆಮ್ಮೆಯ ಗುಹೆಯಲ್ಲಿ ತುಂಬುವುದು ಒಂದು ದಿನದ ಅಡುಗೆ. ಬಳಸುವುದರಲ್ಲಿ ಶೇ 60ರಷ್ಟನ್ನು ಹೊರಗಿನಿಂದ, ಅದೂ ಬಹುಪಾಲು ಹೊರ್ಮುಜ್ ಜಲಸಂಧಿಯಂಥ ಇಕ್ಕಟ್ಟಿನ ಹಾದಿಯಲ್ಲಿ ತರಿಸಿಕೊಳ್ಳುತ್ತ ಬಂದ ದೇಶ ನಮ್ಮದು. 2025ರ ಜೂನಿನಲ್ಲಿ ಇರಾನಿನ ಸಂಸತ್ತು ಆ ಹಾದಿ ಮುಚ್ಚುವ ಗೊತ್ತುವಳಿಗೆ ಸಮ್ಮತಿ ನೀಡಿದಾಗ ಎಷ್ಟು ದಿನದ ದಾಸ್ತಾನು ಇದೆಯೆಂಬ ಪ್ರಶ್ನೆ ಎಲ್ಲರ ಬಾಯಲ್ಲಿತ್ತು. ಕದನ ವಿರಾಮವಾದ ವಾರಕ್ಕೆ ಮರೆತುಹೋಯಿತು. ನೈಸರ್ಗಿಕ ಅನಿಲಕ್ಕಾದರೋ ಭೂಗರ್ಭ ಸಂಗ್ರಹವೆಂಬುದು ಕಡತದಿಂದಾಚೆ ಬಂದೇ ಇಲ್ಲ.

ದೀರ್ಘಾವಧಿ ಒಪ್ಪಂದಗಳ ಬಗೆಗೂ ಒಂದು ಮಾತು. ಗಾಜ್‌ಪ್ರೋಮಿನ ಅನುಭವದಿಂದ ಒಪ್ಪಂದಗಳೇ ನಿರರ್ಥಕವೆನ್ನುವುದು ಸರಿಯಲ್ಲ. ಕತಾರಿನೊಡನೆ ಪೆಟ್ರೋನೆಟ್ ಸಂಸ್ಥೆ 1999ರಲ್ಲಿ ಮಾಡಿಕೊಂಡ ವರ್ಷಕ್ಕೆ 75 ಲಕ್ಷ ಟನ್ನಿನ ಒಪ್ಪಂದ 2022ರ ಬಿರುಗಾಳಿಯಲ್ಲೂ ನಮ್ಮ ಕೈಹಿಡಿಯಿತು; 2024ರ ಫೆಬ್ರುವರಿಯಲ್ಲಿ ಅದನ್ನು ಇನ್ನೂ ಇಪ್ಪತ್ತು ವರ್ಷಕ್ಕೆ ವಿಸ್ತರಿಸಿದ್ದು ವಿವೇಕ. ಒಬ್ಬನೇ ಸಾಹುಕಾರನನ್ನು ನೆಚ್ಚಬಾರದು, ತಪ್ಪಿದಾಗಿನ ದಂಡ ಹಗುರವಾಗಿರಬಾರದು ಎಂಬುದಷ್ಟೇ ಇಲ್ಲಿ ಸಲ್ಲುವ ಎಚ್ಚರಿಕೆ.

ಇನ್ನು ನಮ್ಮ ಕೈಯಲ್ಲೇ ಇರುವುದು. ಈ ರಾಜ್ಯಕ್ಕೆ ಅದರ ಪರಂಪರೆಯೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರದ ಹೆಸರನ್ನು ಹೊತ್ತ ಒಲೆ ಒಂದು ಕಾಲಕ್ಕೆ ಹಳ್ಳಿಹಳ್ಳಿಯ ಅಡುಗೆಮನೆ ಸೇರಿತ್ತು. ಅದೇ ಕೇಂದ್ರ ಕುಣಿಗಲ್ ತಾಲ್ಲೂಕಿನ ಪುರ ಎಂಬ ಊರಿನಲ್ಲಿ ಸಮುದಾಯ ಗೋಬರ್ ಅನಿಲ ಸ್ಥಾವರ ಕಟ್ಟಿತು. ಉದ್ದೇಶವಿದ್ದದ್ದು ಅಡುಗೆಗೆ, ಊರಿನ ಸಗಣಿ ಎಲ್ಲರ ಒಲೆಗೆ ಸಾಲದೆಂದು ತಿಳಿದಾಗ, ಜನರ ಒಪ್ಪಿಗೆ ಪಡೆದು 1987ರಿಂದ ಅದೇ ಅನಿಲದಲ್ಲಿ ದೀಪ ಉರಿಸಿ ಕುಡಿಯುವ ನೀರೆತ್ತಿದರು. ಸೋತದ್ದನ್ನು ಸೋತಿತೆಂದು ಹೇಳಿ ದಾರಿ ಬದಲಿಸಿದ ಆ ಪ್ರಾಮಾಣಿಕತೆ ನನಗೆ ಸ್ಥಾವರಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಇಂದಿನ ಸರ್ಕಾರಿ ಯೋಜನೆಗಳಲ್ಲಿ ಯಾವುದೂ ಸೋಲುವುದಿಲ್ಲ. ಗುರಿ ಮೀರಿದ ಸಾಧನೆಯೇ ಎಲ್ಲ. ಜೈವಿಕ ಅನಿಲವನ್ನು ಕೊಳವೆಗೆ ಸೇರಿಸುವ ಸತತ್ ಯೋಜನೆ 2018ರ ಅಕ್ಟೋಬರಿನಲ್ಲಿ ಐದು ಸಾವಿರ ಸ್ಥಾವರಗಳ ಗುರಿಯೊಂದಿಗೆ ಹೊರಟಿತು. ಕಟ್ಟಿದ್ದು ಅದರ ಸಣ್ಣದೊಂದು ಪಾಲು.

ದಾವಣಗೆರೆಗೆ ಇದರಲ್ಲಿ ವಿಶೇಷ ಕಾರಣವಿದೆ. 2019ರಲ್ಲಿ ಕೇಂದ್ರ ಸರ್ಕಾರ ಶುದ್ಧ ಗಾಳಿ ಕಾರ್ಯಕ್ರಮ ಆರಂಭಿಸಿದಾಗ ಗಾಳಿ ಕೆಟ್ಟ ನಗರಗಳ ಪಟ್ಟಿಯಲ್ಲಿ ಕರ್ನಾಟಕದಿಂದ ಇದ್ದದ್ದು ನಾಲ್ಕು: ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಮತ್ತು ನಮ್ಮ ದಾವಣಗೆರೆ. ನಗರದ ನಾಲಿಗೆಗೆ ರುಚಿಯನ್ನೂ ಹೆಸರನ್ನೂ ತಂದ ಮಂಡಕ್ಕಿ ಭಟ್ಟಿಗಳ ಹೊಗೆ ಇದರಲ್ಲಿ ಪಾಲುದಾರ. ಹೊಟ್ಟು, ಮರದ ಪುಡಿ, ಕೆಲವೆಡೆ ಹಳೆಯ ಟೈರುಗಳೂ ಅಲ್ಲಿ ಉರಿದಿವೆ. ಆ ಹೊಗೆ ಮೊದಲು ಸೇರುವುದು ಭಟ್ಟಿಯ ಮುಂದೆ ನಿಂತು ಅಕ್ಕಿ ಹುರಿಯುವವರ ಎದೆಗೂಡನ್ನು. ಕೊಳವೆ ಅನಿಲ ಬಂದರೆ ಇವೆಲ್ಲ ತಿಳಿಯಾಗುವುದೆಂಬ ನಿರೀಕ್ಷೆ ಸಹಜ. ಆದರೆ ಸೇರಿನ ಲೆಕ್ಕದಲ್ಲಿ ಮಾರಿ, ಪೈಸೆಯ ಲಾಭದಲ್ಲಿ ಬದುಕುವ ಭಟ್ಟಿಯವನಿಗೆ ಕೈಗಾರಿಕಾ ದರದ ಅನಿಲ ಕೊಟ್ಟರೆ, ಮುಂದಿನ ಯಾವುದೋ ಜನವರಿಯಲ್ಲಿ ಬೆಲೆ ಇಮ್ಮಡಿಸಿದ ದಿನ ಅವನು ಮರಳುವುದು ಟೈರಿಗೇ. ದೇಶದ ಅಗ್ಗದ ಅನಿಲದ ಹಂಚಿಕೆಯಲ್ಲಿ ಆದ್ಯತೆ ಮನೆಯ ಒಲೆಗೆ ಮತ್ತು ಸಿಎನ್‌ಜಿ ವಾಹನಕ್ಕೆ. ಕಾರು ಸಿಎನ್‌ಜಿಯಲ್ಲಿ ಓಡಿದರೆ ಆದ್ಯತೆ, ಮಂಡಕ್ಕಿ ಅನಿಲದಲ್ಲಿ ಹುರಿದರೆ ಇಲ್ಲ! ಈ ಪಟ್ಟಿಯನ್ನು ತಿದ್ದಿ, ನಗರದ ಗಾಳಿ ಕೆಡಿಸುವ ಸಣ್ಣ ಭಟ್ಟಿಗಳಿಗೆ ಮಿತಿಯೊಳಗಿನ ದರದ ಅನಿಲ ಒದಗಿಸಬೇಕೆಂದು ಜಿಲ್ಲೆಯ ಸಂಸದರೂ ಶಾಸಕರೂ ಕೇಳಬಹುದು. ಅದು ಆಗದಿದ್ದರೆ ಭತ್ತದ ನಾಡಿನಲ್ಲಿ ಅಕ್ಕಿ ಗಿರಣಿಗಳ ಅಂಗಳದಲ್ಲಿ ರಾಶಿ ಬೀಳುವ ಹೊಟ್ಟಿದೆ. ಅದನ್ನು ಅನಿಲೀಕರಿಸಿ ಉರಿಸುವ ತಂತ್ರವನ್ನು ವಿಜ್ಞಾನ ಸಂಸ್ಥೆಯವರು ದಶಕಗಳ ಹಿಂದೆಯೇ ಪಳಗಿಸಿದ್ದಾರೆ. ಹೊಟ್ಟಿನ ಅನಿಲದಲ್ಲಿ ಒಂದು ಚೀಲ ಮಂಡಕ್ಕಿಗೆ ಎಷ್ಟು ಖರ್ಚು, ಕೊಳವೆ ಅನಿಲದಲ್ಲಿ 2020ರ ದರಕ್ಕೆ ಎಷ್ಟು, 2022ರ ದರಕ್ಕೆ ಎಷ್ಟು ಎಂಬ ಲೆಕ್ಕವನ್ನು ಮಹಾನಗರ ಪಾಲಿಕೆ ನಗರದ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳಿಂದಲೇ ಮಾಡಿಸಬಹುದು. ಒಂದು ಸೆಮಿಸ್ಟರಿನ ಕೆಲಸ. ರಸ್ತೆ ಅಗೆಯಲು ಮುಂದಿನ ಅನುಮತಿ ಕೊಡುವ ಮೊದಲು ಆ ಲೆಕ್ಕ ಮೇಜಿನ ಮೇಲಿರಲಿ.